ಕುದುರೆ ಮಸಾಲೆ ಬೀಜಾನ...

ಅಕ್ಟೋಬರ್ 3, ಶುಕ್ರವಾರ

ಇದು ಅಳತೆ ಪುಸ್ತಕ. ಮುಂದಿನ ಪುಟಗಳಲ್ಲಿ ಗಿರಾಕಿ ಹೆಂಗಸರ ಎದೆ, ಸೊಂಟ, ತೋಳಿನ ಉದ್ದ. ಹಿಂದಿನಿಂದ ತಿರುಗಿಸಿ ನನ್ನದನ್ನು ಬರೆಯುತ್ತಿದ್ದೇನೆ. ಯಾರಿಗೂ ಹೇಳುವಂಥದ್ದಲ್ಲ. ಹೇಳದಿದ್ದರೆ ತಲೆ ಒಡೆದುಹೋಗುತ್ತದೆ, ಅದಕ್ಕೆ.

ಇವರನ್ನು ಇವತ್ತು ಆಸ್ಪತ್ರೆಯಿಂದ ಕರೆತಂದೆವು. ಹನ್ನೊಂದು ದಿನ ಅಲ್ಲಿದ್ದರು. ಬಲಗೈ, ಬಲಗಾಲು ಇವೆ, ಆದರೆ ಇವರ ಮಾತು ಕೇಳುವುದಿಲ್ಲ. ಮಾತು ಅಂದೆನಲ್ಲ, ಅದೂ ಹೋಗಿದೆ. ಉಳಿದಿರುವುದು ಒಂದೇ ಪದ. ಕುದುರೆ. ನೀರು ಬೇಕಾದರೂ ಕುದುರೆ, ಸೊಳ್ಳೆ ಕಚ್ಚಿದರೂ ಕುದುರೆ. ಡಾಕ್ಟರು ಹೆಸರು ಕೇಳಿದರೆ ಅದಕ್ಕೂ ಕುದುರೆ.

ಆ ಸೋಮವಾರ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ನಿಂತು ನನ್ನನ್ನು ಕರೆದಿದ್ದರು. "ಕುದುರೆ ಮಸಾಲೆ ಬೀಜಾನ..." ಅಲ್ಲಿಗೆ ಲಕ್ವ ಹೊಡೆಯಿತು. ನಾನು ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದೆ, ಸರಿಯಾಗಿ ಕೇಳಿಸಲಿಲ್ಲ. ಬಿದ್ದ ಸದ್ದು ಕೇಳಿಸಿತು.

ಕುದುರೆ ಮಸಾಲೆ ಅಂದರೆ ದನಕ್ಕೆ ಬೆಳೆಯುವ ಮೇವಿನ ಸೊಪ್ಪು. ಅದರಲ್ಲಿ ಕುದುರೆಯೂ ಇಲ್ಲ, ಮಸಾಲೆಯೂ ಇಲ್ಲ. ಮದುವೆಯಾದ ಹೊಸದರಲ್ಲಿ ಇವರು "ಈ ಸಲ ಕುದುರೆ ಮಸಾಲೆ ಹಾಕ್ತೀನಿ" ಅಂದಾಗ ನಾನು "ಯಾವ ಅಡುಗೆಗೆ?" ಅಂತ ಕೇಳಿದ್ದೆ. ಒಂದು ವರ್ಷ ಅದನ್ನೇ ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು. ಆಮೇಲೆ ನಾನು ಹೊಲದ ತಂಟೆಗೆ ಹೋಗಲಿಲ್ಲ. ಹಸು, ಮೇವು ಇವರದು. ಕತ್ತರಿ, ದಾರ ನನ್ನದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಬೀಜವನ್ನು ಏನು ಮಾಡಬೇಕಿತ್ತು? ಬಿತ್ತಬೇಕಿತ್ತೆ, ಅಂಗಡಿಗೆ ವಾಪಸು ಕೊಡಬೇಕಿತ್ತೆ, ಬಿಸಿಲಿಗೆ ಹಾಕಬೇಕಿತ್ತೆ? ಅಥವಾ ಆ ಮಾತು ತಿರುಗಿ ನನ್ನ ಕಡೆಗೇ ಬರುತ್ತಿತ್ತೆ? ಉಳಿದರ್ಧ ಗೊತ್ತಾದರೆ ಸಾಕು, ಇನ್ನೇನೂ ಕೇಳುವುದಿಲ್ಲ. ಡಾಕ್ಟರು ಹೇಳಿದ್ದು ಎರಡೇ ಸಂಗತಿ. ಉಪ್ಪು ಮುಟ್ಟಿಸಬೇಡಿ. ಮಾತು ಬಂದರೆ ಬಂತು.

ಅಕ್ಟೋಬರ್ 5, ಭಾನುವಾರ

ಇವರ ಅಕ್ಕ ಎರಡು ಚೀಲ ಹೊತ್ತು ಬಂದಿಳಿದರು. ತಮ್ಮನನ್ನು ಹಿಡಿದು ಗೋಳಾಡಿದರು. ಇವರು ಅಕ್ಕನ ಮುಖ ನೋಡಿ "ಕುದುರೆ" ಅಂದರು. ಅಕ್ಕನಿಗೆ ಅಳು ನಿಂತು ಸಿಟ್ಟು ಬಂತು. "ಇರೋದೊಂದು ಪದ. ಅದು 'ಅಕ್ಕ' ಅಂತಾದ್ರೂ ಆಗಬಾರದಿತ್ತೇನೋ?"

ನನಗೆ ನಗು ಬಂತು. ಹದಿಮೂರು ದಿನದ ಮೇಲೆ ನಕ್ಕಿದ್ದು, ಅದೂ ಅಡುಗೆಮನೆಗೆ ಹೋಗಿ, ಬಾಯಿಗೆ ಸೆರಗು ಹಿಡಿದು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಒಲೆ ಮೇಲಿನ ಗಂಜಿ ಇಳಿಸಿದರು.

ಮಕ್ಕಳಿಲ್ಲದ ಮನೆ. ಅಕ್ಕ ಬಂದದ್ದು ಒಳ್ಳೆಯದಾಯಿತು. ಬಾಯಿ ಜಾಸ್ತಿ, ಆದರೆ ಕೈಯೂ ಅಷ್ಟೇ ಓಡುತ್ತದೆ.

ಅಕ್ಟೋಬರ್ 11, ಶನಿವಾರ

ಹಿತ್ತಿಲು ಗುಡಿಸಿದೆ. ಇವರು ಬಿದ್ದ ದಿನದಿಂದ ಎಲ್ಲ ಹಾಗೇ ಇತ್ತು. ದೊಡ್ಡ ಟಬ್ಬಿನ ತುಂಬ ನೀರು ಹಿಡಿದಿಟ್ಟಿದ್ದರು, ಅದರಲ್ಲಿ ಸೊಳ್ಳೆ ಮರಿಯಾಗಿದ್ದವು. ಚೆಲ್ಲಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಲ್ಲುಪ್ಪಿನ ಚೀಲ. ಅಡುಗೆಮನೆಯ ಉಪ್ಪು ಹಿತ್ತಿಲಿಗೆ ಯಾಕೆ ಬಂತೋ. ಒಳಗೆ ತಂದು ಮೇಲಿನ ಗೂಡಿನಲ್ಲಿಟ್ಟೆ. ಇನ್ನು ಮೇಲೆ ಅದು ಇವರ ಕಣ್ಣಿಗೂ ಬೀಳಬಾರದು.

ಬೀಜದ ಚೀಲ ಗೋಡೆಗೆ ಒರಗಿತ್ತು. ಅದರ ಬಾಯಿಯ ಹುರಿ ಕತ್ತರಿಸಿದ್ದು ನನ್ನ ಕತ್ತರಿಯಿಂದ. ಬಟ್ಟೆ ಕತ್ತರಿಯಲ್ಲಿ ಗೋಣಿ ಹುರಿ ಕತ್ತರಿಸುವವರನ್ನು ಏನೆನ್ನಬೇಕು? ಬಾಯಿ ಮೊಂಡಾದ ಮೇಲೆ ಆ ಕತ್ತರಿ ರೇಷ್ಮೆಯನ್ನು ಅಗಿಯುತ್ತದೆ, ಕತ್ತರಿಸುವುದಿಲ್ಲ. ಅವತ್ತು ನಾನು ಆಡಬಾರದ್ದು ಆಡಿದೆ. ಇವರೂ ಬಿಡಲಿಲ್ಲ. ಆಮೇಲೆ ಮೂರು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ನಾಲ್ಕನೇ ದಿನ ಇವರು ಬಿದ್ದರು.

ಕತ್ತರಿಯನ್ನು ಸಾಣೆ ಹಿಡಿಸಿ ತಂದು ಮಿಷನ್ನಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಯಾರಿಂದ ಕಾಪಾಡುವುದಕ್ಕೋ.

ಪಕ್ಕದ ಹೊಲದ ಟಿಲ್ಲರಿನವನು ಬೇಲಿಯಾಚೆಯಿಂದ ಕೂಗಿ ಹೇಳಿದ: "ಅಕ್ಕ, ಅಣ್ಣ ಬೀಳೋಕೆ ಮುಂಚೆನೇ ನಾನು ಉತ್ತು ಕೊಟ್ಟಿದ್ದೆ. ಮಣ್ಣು ಹದವಾಗಿದೆ. ಈ ವಾರ ಬಿತ್ತದಿದ್ರೆ ಈ ವರ್ಷಕ್ಕೆ ಬಿಟ್ಟ ಹಾಗೆ." ಹಳೆಯ ಸೊಪ್ಪಿನ ಮಡಿಗೆ ನಾಲ್ಕು ವರ್ಷವಾಗಿ ಅದು ಮುಗಿಯುತ್ತ ಬಂದಿದೆ. ಮೂರು ಹಸು ಏನು ತಿನ್ನಬೇಕು? ಬೀಜವನ್ನು ಬಿತ್ತು ಅಂತಲೇ ಹೇಳಹೊರಟಿದ್ದರು ಅಂದುಕೊಂಡೆ. ಬೀಜವನ್ನು ಇನ್ನೇನು ಮಾಡುತ್ತಾರೆ?

ಅಕ್ಟೋಬರ್ 14, ಮಂಗಳವಾರ

ಬಿತ್ತಿದೆ. ನಾನು. ಕಾಲು ಎಕರೆ.

ಬೀಜ ಸಾಸಿವೆಗಿಂತ ಸಣ್ಣದು. ಮರಳಿನಲ್ಲಿ ಬೆರೆಸಿಕೊಂಡು ಎರಚಬೇಕು ಅಂತ ಟಿಲ್ಲರಿನವನು ಒಂದು ಸಲ ಎರಚಿ ತೋರಿಸಿ ಹೋದ. ಅಕ್ಕ ಹಗ್ಗ ಹಿಡಿದು ಸಾಲು ನೋಡಿಕೊಂಡರು. ಇವರ ಮಂಚವನ್ನು ಬೆಳಿಗ್ಗೆಯೇ ಹಿಂದಿನ ಕೋಣೆಯ ಕಿಟಕಿಗೆ ತಂದು ಹಾಕಿದ್ದೆವು, ಹೊಲ ಕಾಣಲಿ ಅಂತ.

ಮೊದಲ ಹಿಡಿ ಎರಚಿದ್ದೇ ತಡ, ಇವರು "ಕುದುರೆ! ಕುದುರೆ!" ಅಂತ ಕೂಗಲು ಶುರುಮಾಡಿದರು. ಎಡಗೈಯಲ್ಲಿ ಕಿಟಕಿ ಸರಳು ಬಡಿದರು. ಎಂಥ ಖುಷಿ! ಬಿದ್ದ ಮೇಲೆ ಇಷ್ಟು ಜೋರು ದನಿ ಕೇಳಿರಲಿಲ್ಲ. ನಾನು ಅಲ್ಲಿಂದಲೇ ಕೈ ಬೀಸಿದೆ. ಬಿತ್ತಿ ಮುಗಿಯುವವರೆಗೂ ಕೂಗಿದರು. ಒಳಗೆ ಬಂದು ನೋಡಿದರೆ ಮುಖವೆಲ್ಲ ಕಣ್ಣೀರು. ನನಗೂ ತಡೆಯಲಾಗಲಿಲ್ಲ. "ಮಾಡಿದೆ ಕಣ್ರೀ, ನೀವು ಹೇಳಿದ ಹಾಗೇ ಮಾಡಿದೆ" ಅಂದೆ.

ಅಕ್ಟೋಬರ್ 20, ಸೋಮವಾರ

ಮೊಳೆತಿದೆ. ಒಂದೊಂದಕ್ಕೂ ಎರಡೆರಡು ಎಲೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ನಾನು ದಿನಕ್ಕೆ ಹತ್ತು ಸಲ ಬಗ್ಗುತ್ತಿದ್ದೇನೆ.

ನವೆಂಬರ್ 9, ಭಾನುವಾರ

ಕುದುರೆಗಳಲ್ಲಿ ಜಾತಿ ಇವೆ ಅಂತ ಗೊತ್ತಾಗುತ್ತಿದೆ. ಕೊನೆ ಎಳೆದರೆ ನೀರು. ಮೊದಲಕ್ಷರ ಒತ್ತಿದರೆ ಬಾಟಲಿ, ಅಂದರೆ ಮೂತ್ರಕ್ಕೆ. ಎರಡು ಸಲ ಬೇಗಬೇಗ ಅಂದರೆ ಹಸು ಕೂಗುತ್ತಿದೆ, ಹೋಗಿ ನೋಡು. ಮೂಗಿನಲ್ಲಿ ಅಂದರೆ ಅಕ್ಕನ ಮಾತು ಸಾಕು.

ಅಕ್ಕನಿಗೆ ಕೊನೆಯದನ್ನು ಹೇಳಿಲ್ಲ.

ಹೊಲಿಗೆಗೆ ಬಂದ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿದೆ. ಬೆಳಿಗ್ಗೆ ಹಾಲು ಕರೆದು, ಇವರನ್ನು ಒರೆಸಿ, ಕಳೆ ಕೀಳಲು ಕೂತರೆ ಮಧ್ಯಾಹ್ನವಾಗುತ್ತದೆ. ನಾಲ್ಕು ಬೆರಳೆತ್ತರ ಬಂದಿದೆ ಸೊಪ್ಪು. ಒಂದು ಗಿಡ ಕಿತ್ತು ನೋಡಿದೆ. ಮೇಲೆ ನಾಲ್ಕು ಬೆರಳು, ಕೆಳಗೆ ಬೇರು ಒಂದು ಗೇಣು. ದೊಡ್ಡದಾದರೆ ಆಳುದ್ದ ಇಳಿಯುತ್ತದಂತೆ. ಇವರು ಯಾಕೆ ಈ ಸೊಪ್ಪಿಗೆ ಇಷ್ಟು ಪ್ರಾಣ ಬಿಡುತ್ತಿದ್ದರು ಅಂತ ಸ್ವಲ್ಪ ತಿಳಿಯಿತು.

ನವೆಂಬರ್ 21, ಶುಕ್ರವಾರ

ಮಡಿಯ ನಡುವೆ ಹಳದಿ ದಾರ ಕಂಡಿತು. ಯಾರೋ ಕಸೂತಿ ದಾರದ ಉಂಡೆ ಬಿಚ್ಚಿ ಎಸೆದಿದ್ದಾರೆ ಅಂದುಕೊಂಡೆ. ನನ್ನ ಹತ್ತಿರವೇ ಆ ಬಣ್ಣದ ದಾರವಿದೆ. ಹತ್ತಿರ ಹೋದರೆ ಬಳ್ಳಿ. ಎಲೆಯಿಲ್ಲ, ಗಿಡಕ್ಕೆ ಸುತ್ತಿಕೊಂಡು ಹೊಳೆಯುತ್ತಿದೆ. ಚೆಂದ ಇದೆ, ಆದರೆ ಕಳೆ ಕಳೆಯೇ. ಒಂದು ಚಾಪೆಯಗಲ ಕಿತ್ತು ಬುಟ್ಟಿಗೆ ತುಂಬಿದೆ. ಮಡಿಯ ಉದ್ದಕ್ಕೂ ನಡೆದು, ಇನ್ನೂ ಅಲ್ಲಲ್ಲಿ ಕಂಡದ್ದನ್ನು ಕಿತ್ತು ಹಾಕಿಕೊಂಡು, ಆ ತುದಿಯ ಬೇಲಿಗೆ ಸುರಿದೆ.

ಇವರು ಕಿಟಕಿಯಲ್ಲಿ ಒಂದೇ ಸಮನೆ ಕುದುರೆ, ಕುದುರೆ. ಮೊದಲಕ್ಷರ ಒತ್ತಿದ ಕುದುರೆ. ಓಡಿಬಂದು ಬಾಟಲಿ ಹಿಡಿದೆ. ಎಡಗೈಯಿಂದ ಬಾಟಲಿಯನ್ನು ನೂಕಿ ಹೊರಗೆ ತೋರಿಸಿದರು. ಮತ್ತೆ ಹಿಡಿದೆ. ನೂಕಿದರು. "ಹಟ ಮಾಡಬೇಡಿ, ನನಗೆ ಕೆಲಸ ಇದೆ" ಅಂತ ಗದರಿ ಹೋಗಿ ಬುಟ್ಟಿ ಎತ್ತಿಕೊಂಡೆ.

ಡಿಸೆಂಬರ್ 4, ಗುರುವಾರ

ಬುಟ್ಟಿ ಹಿಡಿದು ನಡೆದ ದಾರಿಯಲ್ಲೆಲ್ಲ ಹಳದಿ. ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ ಹಾಗೆ, ಈ ತುದಿಯಿಂದ ಆ ತುದಿಗೆ. ಎಲ್ಲಿ ನಿಂತೆ, ಎಲ್ಲಿ ತಿರುಗಿದೆ, ಎಲ್ಲಿ ಬುಟ್ಟಿ ಇಳಿಸಿ ಸೊಂಟ ನೀವಿಕೊಂಡೆ, ಎಲ್ಲ ಗೊತ್ತಾಗುತ್ತದೆ.

ಟಿಲ್ಲರಿನವನು ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡ. "ಕಿತ್ರಾ ಅಕ್ಕ? ಕೀಳಬಾರದಿತ್ತು. ಒಂದು ತುಂಡು ಬಿದ್ರೆ ಸಾಕು, ಪಕ್ಕದ ಗಿಡ ಹಿಡ್ಕೊಂಡು ರಸ ಹೀರ್ತಾ ಬದುಕುತ್ತೆ. ಕಂಡ ತಕ್ಷಣ ಗಿಡದ ಸಮೇತ ಅಲ್ಲೇ ಕೊಯ್ದು, ಅಲ್ಲೇ ಸುಡಬೇಕಿತ್ತು."

"ಬೇರು ಎಲ್ಲಿದೆ ಹೇಳಪ್ಪ, ಅಗೆದು ತೆಗೀತೀನಿ."

"ಅದಕ್ಕೆ ಬೇರೇ ಇಲ್ಲ ಅಕ್ಕ. ಇದ್ದಿದ್ರೆ ಏನಾದ್ರೂ ಮಾಡಬಹುದಿತ್ತು."

ಬೀಜದಲ್ಲೇ ಬಂದಿರಬೇಕು ಅಂತಲೂ ಅಂದ. ಇವರು ಬಿತ್ತಿದಾಗ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಬರಲಿಲ್ಲವಲ್ಲ ಅಂದೆ. ಅವನು ಕಾಲಿಂದ ಮಣ್ಣು ಕೆದಕಿದ. "ಅಣ್ಣ ಬೀಜಕ್ಕೆ ಏನೋ ಮಾಡೋರು. ನಾನು ಕೇಳಿಲ್ಲ. ನಮ್ಮದು ಜೋಳ."

ಡಿಸೆಂಬರ್ 6, ಶನಿವಾರ

ಮೊದಲ ದಿನ ಈ ಪುಸ್ತಕದಲ್ಲಿ ಸುಳ್ಳು ಬರೆದಿದ್ದೆ. ನನಗೆ ಕೇಳಿಸಿತ್ತು.

ಮಿಷನ್ ನಿಲ್ಲಿಸಿದ್ದೆ, ದಾರ ಪೋಣಿಸುತ್ತಿದ್ದೆ. ಮನೆ ನಿಶ್ಶಬ್ದವಾಗಿತ್ತು. ಮೂರು ದಿನ ಮುಖ ತಿರುಗಿಸಿಕೊಂಡಿದ್ದವರು ತಾವಾಗಿ ಬಂದು ಕರೆದರು. "ಇಲ್ಲಿ ಕೇಳೆ, ಕುದುರೆ ಮಸಾಲೆ ಬೀಜಾನ..." ಅಂದರು. ಕತ್ತರಿಯ ಬಗ್ಗೆ ಒಂದು ಮಾತಿಲ್ಲ, ನೇರ ಬೀಜಕ್ಕೇ ಬಂದರಲ್ಲ ಅಂತ ಉರಿಯಿತು. "ಆಮೇಲೆ ಹೇಳಿ" ಅಂದೆ. ತಲೆ ಎತ್ತಿ ನೋಡಲೂ ಇಲ್ಲ.

ಇವರು ನಿಲ್ಲಿಸಿದರು. ಲಕ್ವ ಬಂದು ಮಾತು ನಿಂತಿತೋ, ನಾನು ಅಂದಿದ್ದಕ್ಕೆ ನಿಲ್ಲಿಸಿದರೋ, ಯಾರನ್ನು ಕೇಳಲಿ? ಅದಾಗಿ ಎಷ್ಟು ಹೊತ್ತಿಗೆ ಬಿದ್ದರು ಅನ್ನುವುದೂ ಗೊತ್ತಿಲ್ಲ. ದಾರ ಪೋಣಿಸಿ, ಒಂದು ತೋಳು ಮುಗಿಸಿದ ನೆನಪಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆಡಲು ಬಿಡದ ಮಾತಿಗೆ ಏನನ್ನುತ್ತಾರೋ.

ಡಿಸೆಂಬರ್ 15, ಸೋಮವಾರ

ಹಳದಿ ಹತ್ತದ ಮೂಲೆಯಲ್ಲಿ ಮೊದಲ ಕೊಯ್ಲು. ಬೆಳಗಾಗುತ್ತಲೇ ಕುಡುಗೋಲು ಹಿಡಿದು ಹೊರಟೆ. ಇಬ್ಬನಿ ಆರಲಿ, ಒದ್ದೆ ಸೊಪ್ಪು ತಿಂದರೆ ಹಸುವಿಗೆ ಹೊಟ್ಟೆ ಉಬ್ಬುತ್ತದೆ ಅಂದರು ಇವರು. ಬಿಸಿಲೇರುವವರೆಗೆ ಕಾದೆ. ಬುಡಕ್ಕೇ ಕೊಯ್ಯಬೇಡ, ಮೂರು ಬೆರಳು ಬಿಡು, ಮತ್ತೆ ಚಿಗುರಬೇಕು ಅಂದರು. ಹಾಗೇ ಮಾಡಿದೆ. ಕಟ್ಟು ಕಟ್ಟಲು ಹುರಿ ಉದ್ದವಾಯಿತು, ಖಾನೆಯಿಂದ ಕತ್ತರಿ ತಂದು ಕತ್ತರಿಸಿದೆ.

ಕೆಂದಿಗೆ ಮೊದಲು ಹಾಕಿದೆ, ಅವಳು ಗಬ್ಬದ ಹಸು. ಒಣಹುಲ್ಲು ಬೆರೆಸಿ ಹಾಕು ಅಂದರು. ಬೆರೆಸಿದೆ. ಕೆಂದಿ ಹುಲ್ಲನ್ನು ಮೂತಿಯಿಂದ ಸರಿಸಿ ಸೊಪ್ಪನ್ನೇ ಆರಿಸಿ ತಿಂದಳು. ಇವಳು ನನ್ನ ಗಿರಾಕಿಗಳ ಹಾಗೆ, ಒಳ್ಳೆಯದು ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಡಿಸೆಂಬರ್ 29, ಸೋಮವಾರ

ಇವತ್ತು ಜಗಳ. ಹಳದಿ ಬಿದ್ದ ಕಡೆ ಕೊಯ್ದು ಕೊಯ್ದು ಸುಡುತ್ತಿದ್ದೇನೆ, ಎರಡು ದಿನಕ್ಕೆ ಮತ್ತೊಂದು ಕಡೆ. ಸುಡುವಾಗ ಇನ್ನೊಂದು ಮೊಳ ಆಚೆಯದನ್ನೂ ಸೇರಿಸಿ ಸುಡು ಅಂದರು. ಹಸಿರಾಗಿರುವುದನ್ನು ಯಾಕೆ ಸುಡಲಿ ಅಂದೆ. ನಿನಗೆ ಕಾಣದೆ ಇರೋದು ಇರುತ್ತೆ ಅಂದರು. ಇಷ್ಟು ತಿಳಿದವರು ಆ ದಿನ ಬೀಜದ ಬಗ್ಗೆ ಏನು ಹೇಳೋಕೆ ಬಂದಿದ್ರಿ, ಅದನ್ನು ಹೇಳಿ ನೋಡೋಣ ಅಂದೆ. ಸುಮ್ಮನಾದರು. ಯಾವಾಗ ಕೇಳಿದರೂ ಅಲ್ಲಿಗೇ ಸುಮ್ಮನಾಗುತ್ತಾರೆ.

ಅಕ್ಕ ಹೊಸ್ತಿಲಲ್ಲಿ ನಿಂತಿದ್ದರು. "ಯಾರ ಹತ್ರ ಜಗಳ ಆಡ್ತಿದೀಯೆ?"

"ನಿಮ್ಮ ತಮ್ಮನ ಹತ್ರ."

"ಅವನು ಕುದುರೆ ಅಂದಿದ್ದು ಮಾತ್ರ ನನಗೆ ಕೇಳಿಸ್ತು ಕಣೇ."

ಅಕ್ಕನಿಗೆ ವಯಸ್ಸಾಯಿತು, ಕಿವಿ ಮಂದ.

ಜನವರಿ 8, ಗುರುವಾರ

ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆವು. ಚಿಕ್ಕ ಹುಡುಗಿ, ನನ್ನ ಹತ್ತಿರ ಹೊಲಿಸಿಕೊಳ್ಳುವ ವಯಸ್ಸಿನವಳು. ಗೋಡೆ ತುಂಬ ಹಣ್ಣಿನ ಚಿತ್ರ, ಕುರ್ಚಿಗಳೆಲ್ಲ ಸಣ್ಣವು, ಮಕ್ಕಳೇ ಜಾಸ್ತಿ ಬರುತ್ತಾರಂತೆ.

"ಮನೆಯಲ್ಲಿ ಎಷ್ಟು ಪದ ಆಡ್ತಾರೆ?" ಅಂತ ಕೇಳಿದಳು.

"ಎಲ್ಲಾ ಮಾತಾಡ್ತಾರಮ್ಮ. ಇಬ್ಬನಿ ಆರೋವರೆಗೆ ಕೊಯ್ಯಬೇಡ ಅಂತಾರೆ. ಆಗಾಗ ಜಗಳಾನೂ ಆಡ್ತಾರೆ."

ಪೆನ್ನು ಕೆಳಗಿಟ್ಟಳು. "ಇಬ್ಬನಿ ಅನ್ನೋ ಪದಾನೇ ಹೇಳಿದ್ರಾ?"

ಹೇಳಿದರು ಅನ್ನಲು ಬಾಯಿ ತೆಗೆದೆ. ಇವರ ಬಾಯಲ್ಲಿ ಆ ಪದವನ್ನು ನೆನೆಸಿಕೊಳ್ಳಲು ನೋಡಿದೆ. ಆಗಲಿಲ್ಲ. ಕುದುರೆ ಅಂದಿದ್ದರು. ಅಷ್ಟೇ ಅಂದಿದ್ದರು.

ಅವಳು ಚಿತ್ರ ತೋರಿಸಿದಳು. ಲೋಟಕ್ಕೆ ಕುದುರೆ, ಬಾಚಣಿಗೆಗೆ ಕುದುರೆ. ಹಸುವಿನ ಚಿತ್ರ ಬಂದಾಗ ಇವರು ತುಂಬ ಹೊತ್ತು ನೋಡಿದರು, ಹಣೆ ಬೆವರಿತು, ತುಟಿ ಮುಚ್ಚಿ ತೆಗೆದು ಮಾಡಿದರು. ಕುದುರೆ. ಬಾಯಿಂದ ಬಂದದ್ದು ತಪ್ಪು ಅಂತ ಇವರಿಗೆ ಗೊತ್ತು. ಅದನ್ನು ನಾನು ಇವತ್ತೇ ನೋಡಿದ್ದು. ಪ್ರತಿ ಸಲ ಗೊತ್ತಾಗುತ್ತದೆ.

"ಅಮ್ಮ, ಅವರು ಬಾಯಿ ತೆಗೆಯೋದ್ರೊಳಗೆ ನೀವೇ ಹೇಳಿಬಿಡ್ತೀರಿ. ಅವರು ಪದ ಹುಡುಕೋಕೆ ಜಾಗಾನೇ ಇಲ್ಲ. ಸ್ವಲ್ಪ ದಿನ ಅರ್ಥ ಆಗದವರ ಥರ ಇರಿ" ಅಂದಳು.

ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದು ತಾಯಿ. ಈಗ ಒಂದಿಷ್ಟು ಅರ್ಥವಾಗುತ್ತಿದೆ ಅನ್ನುವಾಗ ಬೇಡ ಅನ್ನುತ್ತೀಯ.

ಮನೆಗೆ ಬಂದು ಈ ಪುಸ್ತಕ ತೆಗೆದು ನೋಡಿದೆ. ಅಂದರು, ಅಂದರು, ಅಂದರು. ಪುಟದ ತುಂಬ.

ಜನವರಿ 9, ಶುಕ್ರವಾರ

ಕುದುರೆ ಅಂದರು.

ಜನವರಿ 13, ಮಂಗಳವಾರ

ಕೈ ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂರುತ್ತೇನೆ. "ಏನು ಬೇಕು ಹೇಳಿ" ಅನ್ನುತ್ತೇನೆ. ನನಗೆ ಗೊತ್ತು ಏನು ಬೇಕು ಅಂತ. ಗೊತ್ತಿಲ್ಲದವಳ ಹಾಗೆ ಮುಖ ಮಾಡುತ್ತೇನೆ. ಇವರಿಗೂ ಗೊತ್ತು ನನಗೆ ಗೊತ್ತು ಅಂತ. ಇಬ್ಬರೂ ಹೀಗೆ ನೋಡಿಕೊಂಡು ಕೂತಿರುತ್ತೇವೆ.

ಇವತ್ತು ಹಾಸಿಗೆ ಒದ್ದೆಯಾಯಿತು. ಕಾಯದೆ ಬಾಟಲಿ ಕೊಟ್ಟಿದ್ದರೆ ಆಗುತ್ತಿರಲಿಲ್ಲ. ಬಟ್ಟೆ ಬದಲಿಸುವಾಗ ಇವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಕ್ಷಮಿಸಿ ಅಂದೆ. ಇದೇ ಮಾತನ್ನು ಕತ್ತರಿಯ ದಿನ ಅನ್ನಬಹುದಿತ್ತು, ಆಗ ನಾಲಿಗೆ ಚೆನ್ನಾಗಿಯೇ ಇತ್ತು.

ಜನವರಿ 18, ಭಾನುವಾರ

ಹೊಲ ಸುಟ್ಟೆವು.

ಹಳದಿ ಬಳ್ಳಿಯಲ್ಲಿ ಬಿಳಿ ಹೂ ಬಿಡಲು ಶುರುವಾಗಿತ್ತು. "ಬೀಜ ಕಟ್ಟಿದ್ರೆ ಸುತ್ತಮುತ್ತಲಿನ ಹೊಲಗಳಿಗೂ ಹೋಗುತ್ತೆ ಅಕ್ಕ, ಜನ ಸುಮ್ಮನಿರಲ್ಲ" ಅಂದ ಟಿಲ್ಲರಿನವನು. ಪಾಪ, ಹೇಳುವಾಗ ನನ್ನ ಮುಖ ನೋಡಲಿಲ್ಲ. ಪೂರ್ತಿ ಕೊಯ್ದು ಅಲ್ಲಲ್ಲೇ ಒಣಗಿಸಿ, ಮೇಲೆ ಒಣಹುಲ್ಲು ಹರಡಿ ಬೆಂಕಿ ಕೊಟ್ಟೆವು. ಹಸಿರು ಉಳಿದಿದ್ದ ಮೂಲೆಯನ್ನೂ ಬಿಡಲಿಲ್ಲ. ಕಾಣದೆ ಇರುವುದು ಇರುತ್ತದಲ್ಲ.

ಹೊಗೆ ಬರುತ್ತದೆ ಅಂತ ಕಿಟಕಿ ಹಾಕಲು ಹೋದೆ. ಇವರು ಎಡಗೈಯಲ್ಲಿ ಬಾಗಿಲ ಅಂಚು ಹಿಡಿದುಕೊಂಡರು. ಹಾಕಲು ಬಿಡಲಿಲ್ಲ. ಎಲ್ಲ ಕಪ್ಪಾಗುವವರೆಗೆ ನೋಡಿದರು. ಒಂದೇ ಸಲ ಕುದುರೆ ಅಂದರು. ಅರ್ಥ ಬರೆಯುವುದಿಲ್ಲ.

ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು. ಅವಕ್ಕೆ ಏನು ಹೇಳುವುದು.

ಜನವರಿ 27, ಮಂಗಳವಾರ

ಮಾತು ಬಂತು. ಹೊಸ ಮಾತು. ನನ್ನ ಕಿವಿಯಾರೆ ಕೇಳಿದೆ, ಅಕ್ಕನೂ ಕೇಳಿದರು, ಈ ಸಲ ನಾನು ಕಟ್ಟಿದ್ದಲ್ಲ.

ಬೆಳಿಗ್ಗೆ ಗಂಜಿ ಹಿಡಿದು ಕೂತಿದ್ದೆ. ಇವರು ಕಿಟಕಿಯಾಚೆ ಕಪ್ಪು ಹೊಲ ನೋಡುತ್ತಿದ್ದರು. ತುಟಿ ಮುಚ್ಚಿದರು, ಕತ್ತಿನ ನರ ಉಬ್ಬಿತು. "ಉಪ್... ಉಪ್ಪು."

ಚಮಚ ಕೈಯಿಂದ ಬಿತ್ತು. "ಏನಂದ್ರಿ? ಇನ್ನೊಂದು ಸಲ." "ಉಪ್ಪು." ಅಕ್ಕ ಓಡಿಬಂದರು. ಅವರ ಎದುರಿಗೂ ಹೇಳಿದರು. ನಾಲ್ಕು ತಿಂಗಳು ಸಪ್ಪೆ ಗಂಜಿ ಕುಡಿಸಿದ್ದೇನೆ, ಒಂದು ದಿನ ಮುಖ ಸಿಂಡರಿಸಲಿಲ್ಲ. ನಾಲಿಗೆಗೆ ಮೊದಲು ಬೇಕಾದದ್ದು ಇದು. ಡಾಕ್ಟರು ಬೇಡ ಅಂದದ್ದು ಗೊತ್ತಿತ್ತು. ಆದರೂ ಮಗು ಮೊದಲ ಸಲ ಬಾಯಿಬಿಟ್ಟು ಕೇಳಿದ್ದನ್ನು ಯಾವ ತಾಯಿ ಇಲ್ಲ ಅಂತಾಳೆ. ಮೇಲಿನ ಗೂಡಿನಿಂದ ಚೀಲ ಇಳಿಸಿ ಎರಡು ಹರಳು ಗಂಜಿಗೆ ಹಾಕಿ ಕಲಸಿದೆ.

ಕಣ್ಣಗಲಿಸಿ ಚೀಲ ನೋಡಿದರು. ಬಾಯಿಗೆ ಹಿಡಿದರೆ ಎಡಗೈಯಿಂದ ಬಟ್ಟಲನ್ನು ತಳ್ಳಿದರು. ನೆಲವೆಲ್ಲ ಗಂಜಿ. "ಕಮ್ಮಿ ಆಯ್ತೇನೋ" ಅಂದರು ಅಕ್ಕ.

ಫೆಬ್ರವರಿ 3, ಮಂಗಳವಾರ

ದಿನವೆಲ್ಲ ಉಪ್ಪು, ಉಪ್ಪು. ಕುದುರೆ ಹಿಂದೆ ಸರಿದಿದೆ.

ಡಾಕ್ಟರು ಫೋನಿನಲ್ಲಿ ಬೈದರು, ಒಂದು ಹರಳೂ ಕೊಡಕೂಡದು ಅಂತ. ಮಾತಿನ ಡಾಕ್ಟರಮ್ಮ ಖುಷಿಪಟ್ಟಳು, ಇನ್ನೂ ಆಡಿಸಿ ಅಂತ. ಒಬ್ಬರು ಕೊಡಬೇಡ ಅಂತಾರೆ, ಒಬ್ಬರು ಆಡಿಸು ಅಂತಾರೆ. "ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳ್ತಾರಾ. ಕೊಟ್ಟುಬಿಡೇ, ಎಷ್ಟು ದಿನ ಅಂತ" ಅಂದರು ಅಕ್ಕ, ಸೆರಗಿನಲ್ಲಿ ಮೂಗೊರೆಸಿಕೊಂಡು.

ಮಧ್ಯಾಹ್ನ ನನ್ನ ಕೈ ಹಿಡಿದು, ಹಿಡಿದದ್ದನ್ನು ಬಿಡದೆ, ಉಪ್ಪು ಅಂದರು. ಅತ್ತರು. ನನಗೆ ತಡೆಯಲಾಗಲಿಲ್ಲ. "ಸಾಯೋ ಆಸೆ ಇದ್ರೆ ನೇರ ಹೇಳಿ" ಅಂತ ಕಿರುಚಿದೆ. ಕೈಬಿಟ್ಟು ಗೋಡೆ ಕಡೆ ತಿರುಗಿದರು. ತಿರುಗಲು ಎಷ್ಟು ಹೊತ್ತು ಹಿಡಿಯಿತು. ನಾನು ನಿಂತು ನೋಡಿದೆ, ಸಹಾಯ ಮಾಡಲಿಲ್ಲ.

ಕೆಂದಿಯನ್ನು ನಿನ್ನೆ ಟಿಲ್ಲರಿನವನ ಭಾವನ ಮನೆಗೆ ಕೊಟ್ಟುಬಿಟ್ಟೆ. ಅವರಲ್ಲಿ ಹಸಿರು ಮೇವಿದೆ. ಈ ತಿಂಗಳು ಕರು ಹಾಕಬೇಕು ಅವಳು. ಹಗ್ಗ ಬಿಚ್ಚಲು ಬರಲಿಲ್ಲ, ಕತ್ತರಿಯಿಂದ ಕತ್ತರಿಸಿ ಕಳಿಸಿದೆ.

ಫೆಬ್ರವರಿ 10, ಮಂಗಳವಾರ

ಬೀಜದ ಅಂಗಡಿಗೆ ಹೋಗಿದ್ದೆ. ಉಳಿದ ಎರಡು ಹಸುಗಳಿಗಾಗಿ ಮತ್ತೆ ಬಿತ್ತಲು ಆಗುತ್ತದೆಯೇ ಕೇಳೋಣ ಅಂತ. ಅಂಗಡಿಯವರು ಇವರ ಹಳೆಯ ಸ್ನೇಹಿತರು, ಮಾತು ಹೋಗಿದೆ ಅಂತ ಕೇಳಿ ಲೊಚಗುಟ್ಟಿದರು. ಹಳದಿ ಬಳ್ಳಿಯ ಕಥೆ ಹೇಳಿದೆ.

"ಬೀಜಾನ ಉಪ್ಪುನೀರಲ್ಲಿ ಹಾಕಲಿಲ್ವಾ ನೀವು?" ಅಂದರು.

"ಯಾವ ಉಪ್ಪುನೀರು?" ಅಂದೆ.

"ಟಬ್ಬಲ್ಲಿ ಉಪ್ಪು ಕರಗಿಸಿ ಬೀಜ ಸುರಿದ್ರೆ ಆ ಬಳ್ಳಿ ಬೀಜ ತೇಲುತ್ತೆ, ನಮ್ಮದು ಮುಳುಗುತ್ತೆ. ತೇಲಿದ್ದನ್ನ ತೆಗೆದು ಸುಟ್ಟು, ಮುಳುಗಿದ್ದನ್ನ ತೊಳೆದು ಬಿತ್ತೋದು. ಯಜಮಾನ್ರು ಪ್ರತಿ ಸಲ ಬೀಜದ ಜೊತೆ ಎದುರಂಗಡೀಲಿ ಕಲ್ಲುಪ್ಪೂ ತಗೊಂಡು ಹೋಗೋರಲ್ಲಮ್ಮ. ಈ ಸಲಾನೂ ತಗೊಂಡ್ರು, ನಾನೇ ನೋಡಿದೀನಿ." ಆಮೇಲೆ ಮೆಲ್ಲಗೆ ಹೇಳಿದರು: "ಆ ಜಾಗದಲ್ಲಿ ಇನ್ನು ಹತ್ತು ವರ್ಷ ಕುದುರೆ ಮಸಾಲೆ ಯೋಚನೆ ಮಾಡಬೇಡಿ. ಮಣ್ಣಲ್ಲಿ ಕೂತಿರುತ್ತೆ ಅದು."

ಬಸ್ಸಿನಲ್ಲಿ ಬರುವಾಗ ಏನೂ ಯೋಚಿಸಲಿಲ್ಲ. ಮನೆಗೆ ಬಂದು ಈ ಪುಸ್ತಕದಲ್ಲಿ ಬಿತ್ತಿದ ದಿನದ ಪುಟ ತೆಗೆದೆ. ಎಂಥ ಖುಷಿ ಅಂತ ಬರೆದಿದ್ದೇನೆ. ಸರಳು ಬಡಿದು ಬಡಿದು ಬೇಡ ಅಂದವರಿಗೆ ನಾನು ಕೈ ಬೀಸಿದ್ದೇನೆ. ಹೊಡೆದು ಹಾಕೋಣ ಅಂತ ಪೆನ್ನು ತೆಗೆದೆ. ಹೊಡೆದರೂ ಅದು ಅಲ್ಲೇ ಇರುತ್ತದೆ ಅಂತ ಬಿಟ್ಟೆ.

ಚೀಲದ ತಳದಲ್ಲಿ ಒಂದು ಹಿಡಿ ಬೀಜ ಉಳಿದಿತ್ತು. ಹೊಲಿಗೆ ಗಟ್ಟಿಯಾಗಿತ್ತು, ತಳವನ್ನೇ ಕತ್ತರಿಯಿಂದ ಸೀಳಿ ತೆಗೆದುಕೊಂಡೆ. ಟಬ್ಬಿನಲ್ಲಿ ನೀರು ಹಿಡಿದು, ಕಲ್ಲುಪ್ಪು ಸುರಿದು ಕರಗಿಸಿ, ಅಕ್ಕನೂ ನಾನೂ ಎತ್ತಿ ತಂದು ಮಂಚದ ಪಕ್ಕ ಇಟ್ಟೆವು. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ವಾರದಿಂದ ಹಾಗೇ. ಹಿಡಿದು ತಿರುಗಿಸಿ ಕೂರಿಸಿದೆ. ಬೀಜವನ್ನು ನೀರಿಗೆ ಬಿಟ್ಟೆ. ತಿಳಿಹಳದಿ ಕಾಳೆಲ್ಲ ಸರಸರ ಇಳಿದವು. ಮೇಲೆ ಧೂಳಿನಂಥ ಕಂದು ಕಾಳು ಉಳಿದವು. ಜಾಸ್ತಿ ಏನಿಲ್ಲ, ಒಂದು ಚಿಟಿಕೆ.

"ಕುದುರೆ ಮಸಾಲೆ ಬೀಜಾನ ಉಪ್ಪುನೀರಿಗೆ ಹಾಕು. ಇದೇ ತಾನೆ?" ಅಂದೆ.

ಇವರು ಎಡಗೈ ಇಳಿಸಿ, ತೇಲಿದ್ದನ್ನು ಅಂಗೈಯಲ್ಲಿ ಅಂಚಿಗೆ ಒತ್ತಿ ತೆಗೆದರು. ತೆಗೆದು ನನ್ನ ಕೈಗೆ ಹಾಕಿದರು. ಬಾಯಲ್ಲಿ ಕುದುರೆಯೂ ಇಲ್ಲ, ಉಪ್ಪೂ ಇಲ್ಲ. ತಲೆದಿಂಬಿಗೆ ಒರಗಿ ಕಣ್ಣು ಮುಚ್ಚಿದರು, ಕೆಲಸ ಮುಗಿಸಿ ಬಂದ ದಿನ ಮುಚ್ಚುತ್ತಿದ್ದ ಹಾಗೆ.

ಐದು ತಿಂಗಳು ಆ ಅರ್ಧ ಮಾತಿಗೆ ನೂರು ಕೊನೆ ಹಚ್ಚಿ ನೋಡಿದ್ದೆ. ಎಲ್ಲದರಲ್ಲೂ ಎಲ್ಲೋ ಒಂದು ಕಡೆ ನಾನಿದ್ದೆ, ನನ್ನ ಕತ್ತರಿ ಇತ್ತು, ಮೂರು ದಿನದ ಸಿಟ್ಟು ಇತ್ತು. ಇದ್ದದ್ದು ಉಪ್ಪು. ಹೊಲ ಸುಟ್ಟು ಹೋಗಿದೆ, ಕೆಂದಿ ಬೇರೆಯವರ ಕೊಟ್ಟಿಗೆಯಲ್ಲಿದ್ದಾಳೆ, ಈಗ ಈ ಮಾತು ಯಾವುದಕ್ಕೂ ಬರುವುದಿಲ್ಲ. ಆದರೂ ಇವರು ಅದನ್ನು ಬಿಟ್ಟುಕೊಡಲಿಲ್ಲ. ಒಳಗೆ ಎಲ್ಲವೂ ಕಲಸಿಹೋದಾಗಲೂ ಇದೊಂದನ್ನು ಹಿಡಿದುಕೊಂಡು ಹುಡುಕಿದರು.

ಆಮೇಲೆ ಹೇಳಿ ಅಂದಿದ್ದೆ. ಆಮೇಲೆ ಹೇಳಿದರು.